ಪಿತ್ತದ ಸೋಪು

ಲಿವರಿನಲ್ಲಿ ಜಿಡ್ಡು ಕೂತಿದೆ ಎಂದು ಡಾಕ್ಟರಮ್ಮ ಹೇಳಿದಾಗ ನನ್ನ ತಮ್ಮನಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು.

"ನಾನು ಒಂದು ಹನಿ ಮುಟ್ಟಿದವನಲ್ಲ ಡಾಕ್ಟ್ರೇ. ಬೇಕಾದ್ರೆ ನಮ್ಮಕ್ಕನ್ನ ಕೇಳಿ. ಕೆಮ್ಮಿನ ಔಷಧೀನೂ ವಾಸನೆ ನೋಡಿ ಕುಡಿಯೋನು ನಾನು."

"ಕುಡಿಯದವರಿಗೂ ಬರುತ್ತೆ," ಎಂದರು ಡಾಕ್ಟರಮ್ಮ. "ಸಕ್ಕರೆ, ಕರಿದದ್ದು, ಹೊಟ್ಟೆಯ ಸುತ್ತಳತೆ. ಕೆಲವರಿಗೆ ಮನೆತನದಲ್ಲೇ ಇರುತ್ತೆ. ಯಾರ ತಪ್ಪು ಅಂತ ಆಮೇಲೆ ಜಗಳ ಆಡೋಣ. ಈಗ ಅಂಗಿ ಗುಂಡಿ ಬಿಚ್ಚಿ."

ಅವರು ಒಂದು ಯಂತ್ರದ ಮೂತಿಯನ್ನು ಅವನ ಬಲಗಡೆಯ ಪಕ್ಕೆಲುಬುಗಳ ಸಂದಿಗೆ ಒತ್ತಿ ಹಿಡಿದರು. ಬಾಗಿಲು ತಟ್ಟುವವರ ಹಾಗೆ ಅದು ಟಕ್, ಟಕ್ ಎಂದು ಬಡಿಯಿತು. ಒಳಗಿನ ಲಿವರ್ ಎಷ್ಟು ಮೆತ್ತಗಿದೆ, ಎಷ್ಟು ಬಿರುಸಾಗಿದೆ ಎಂದು ಆ ಬಡಿತದಿಂದ ಗೊತ್ತಾಗುತ್ತದಂತೆ. ಡಾಕ್ಟರಮ್ಮ ಪರದೆಯ ಅಂಕಿಯನ್ನು ಕಾಗದಕ್ಕೆ ಬರೆದುಕೊಂಡರು.

"ಬರೀ ಜಿಡ್ಡಲ್ಲ. ಗಟ್ಟಿಯಾಗೋಕೆ ಶುರುವಾಗಿದೆ. ಗಾಯ ಮಾಯ್ದ ಕಡೆ ಚರ್ಮ ಬಿರುಸಾಗಲ್ವಾ, ಹಾಗೆ. ಇದು ಪೂರ್ತಿ ಕಲ್ಲಾದ ಮೇಲೆ ನನ್ನ ಕೈಲಿ ಏನೂ ಇರಲ್ಲ. ಈಗ ಇನ್ನೂ ಇದೆ."

ಆ ಮಾತು ಕೇಳಿದ ಮೇಲೆ ನನ್ನ ತಮ್ಮ ಅಂಗಿ ಎಳೆದುಕೊಂಡು ಒಂದೊಂದೇ ಗುಂಡಿ ಹಾಕಿಕೊಂಡ. ಜೀವಮಾನವಿಡೀ ಬೇರೆಯವರ ಅಂಗಿ ಇಸ್ತ್ರಿ ಮಾಡಿದವನು, ತನ್ನ ಅಂಗಿಯ ಗುಂಡಿಯನ್ನು ಒಂದು ಕಾಜ ತಪ್ಪಿಸಿ ಹಾಕಿಕೊಂಡಿದ್ದ. ನಾನು ಸರಿಮಾಡಲು ಕೈ ಚಾಚಿದೆ. ಅವನು ಕೈ ತಳ್ಳಿದ.

ನಮ್ಮದು ಒಂದು ಲಾಂಡ್ರಿ. ಮೇಲೆ ಮನೆ, ಕೆಳಗೆ ಅಂಗಡಿ. ಹಬೆಯ ಇಸ್ತ್ರಿ ಯಂತ್ರ ನನ್ನ ತಮ್ಮನದು. ಹತ್ತಿರದವರೂ ದೂರದವರೂ ಅವನನ್ನು ಇಸ್ತ್ರಿ ಎಂದೇ ಕರೆಯುತ್ತಾರೆ. ಕಲೆ ತೆಗೆಯುವ ಮೇಜು ನನ್ನದು. ವ್ಯಾನು ಓಡಿಸುವುದು ನನ್ನ ಮಗಳು. ಬಿಡಿ ಗಿರಾಕಿಗಳ ಬಟ್ಟೆಯ ಜೊತೆಗೆ ನಮ್ಮವೇ ಹಾಸು, ದಿಂಬಿನ ಚೀಲಗಳನ್ನು ಒಂದೆರಡು ಲಾಡ್ಜುಗಳಿಗೆ ಬಾಡಿಗೆಗೆ ಕೊಡುತ್ತೇವೆ. ಒಗೆದು ಒಣಗಿಸಿದ ಹಾಸುಗಳು ಹಿಂದಿನ ಕೋಣೆಯಲ್ಲಿ ರಾಶಿಯಾಗಿರುತ್ತವೆ. ಅವನು ಇಸ್ತ್ರಿ ಮಾಡಿ ಮಡಚಿ ದೊಡ್ಡ ನೀಲಿ ಚೀಲಗಳಿಗೆ ತುಂಬುತ್ತಾನೆ, ಮಗಳು ಒಯ್ದು ಕೊಡುತ್ತಾಳೆ. ಲಾಡ್ಜಿನ ಕಪಾಟು ತುಂಬಿದ ಮೇಲೆ ಅವರು ಖಾಲಿ ಚೀಲಗಳನ್ನು ವಾಪಸ್ ಕಳಿಸುತ್ತಾರೆ. ಚೀಲ ಬಂತೆಂದರೆ ಅಲ್ಲಿಗೆ ಸಾಕು ಎಂದರ್ಥ. ನನ್ನ ತಮ್ಮ ಹಬೆಯ ತಿರುಪು ತಿರುಗಿಸಿ ಬೇರೆ ಕೆಲಸಕ್ಕೆ ಕೈ ಹಾಕುತ್ತಾನೆ. ಫೋನು ಬಂದ ಮೇಲೂ ಇದೇ ಪದ್ಧತಿ. ಫೋನಿನಲ್ಲಿ ಜನ ಏನೇನೋ ಹೇಳುತ್ತಾರೆ, ಚೀಲ ಹಾಗಲ್ಲ ಎನ್ನುತ್ತಾನೆ ಅವನು.

ಡಾಕ್ಟರಮ್ಮ ಒಂದು ದಾರಿ ಹೇಳಿದರು. ಅವರ ಆಸ್ಪತ್ರೆಯಲ್ಲಿ ಒಂದು ಹೊಸ ಮಾತ್ರೆಯ ಪ್ರಯೋಗ ನಡೆಯುತ್ತಿತ್ತು. ನಮ್ಮ ಲಿವರೇ ತಯಾರಿಸುವ ಪಿತ್ತರಸದಲ್ಲಿ ಕೆಲವು ಆಮ್ಲಗಳಿವೆಯಂತೆ. ಆ ಪಿತ್ತಾಮ್ಲದ ಹೋಲಿಕೆಯಲ್ಲೇ ಔಷಧದವರು ಮಾಡಿದ ಮಾತ್ರೆ ಅದು. ಅರ್ಧ ಜನರಿಗೆ ಅಸಲಿ, ಅರ್ಧ ಜನರಿಗೆ ಏನೂ ಇಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಮ್ಮನಿಗೂ ಗೊತ್ತಿರುವುದಿಲ್ಲ.

"ಇದು ಗುಣ ಮಾಡೇ ಮಾಡುತ್ತೆ ಅಂತ ನಾನು ಹೇಳಲ್ಲ. ಅದನ್ನ ತಿಳ್ಕೊಳ್ಳೋಕೇ ಈ ಪ್ರಯೋಗ. ದಿನಕ್ಕೆ ಒಂದು ಮಾತ್ರೆ. ಮೈ ತುರಿಕೆ ಬರಬಹುದು. ಮಾತ್ರೆ ತಗೊಂಡ್ರೂ ನಡಿಗೆ ಬೇಕು, ತೂಕ ಇಳೀಬೇಕು, ಬಾಯಿಗೆ ಬೀಗ ಬೇಕು."

ಒಪ್ಪಿಗೆಯ ಕಾಗದ ಬಹಳ ಉದ್ದವಿತ್ತು. ನಾನು ಅಕ್ಷರ ಕಲಿತದ್ದು ರಾತ್ರಿ ಶಾಲೆಯಲ್ಲಿ, ಮಗಳು ಹೆಗಲೆತ್ತರ ಬೆಳೆದ ಮೇಲೆ. ಇವತ್ತಿಗೂ ಬೆರಳಿಟ್ಟುಕೊಂಡೇ ಓದುತ್ತೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸಾಲು ಸಾಲಾಗಿ ಜೋರಾಗಿ ಓದಿದೆ. ಎರಡನೆಯ ಹಾಳೆ ತಿರುಗಿಸುವಾಗ ಪಕ್ಕದಲ್ಲಿ ಗೊರಕೆ ಕೇಳಿಸಿತು.

"ಎದ್ದೇಳೋ. ನಿನ್ನ ಹೊಟ್ಟೆ ವಿಷಯ ಓದ್ತಿದೀನಿ."

"ನೀನು ಓದಿದ್ರೆ ನಾನು ಓದಿದ ಹಾಗೇ ಅಲ್ವಾ? ಎಲ್ಲಿ ಸಹಿ?"

ಆಸ್ಪತ್ರೆಯ ಮೆಟ್ಟಿಲು ಇಳಿದು ಬೀದಿಗೆ ಬರುವಷ್ಟರಲ್ಲಿ ಅವನ ಮುಖ ಬೇರೆಯಾಗಿತ್ತು. ನನ್ನ ಮೊಣಕೈ ಹಿಡಿದು ನಿಲ್ಲಿಸಿದ.

"ಅಕ್ಕ, ಪಿತ್ತ ಅಂದ್ರಲ್ಲ ಅವರು. ನಮ್ಮ ಸೋಪು ಕಣೇ!"

ನನಗೂ ಒಳಗೆ ಕೂತಾಗಲೇ ಅದು ಹೊಳೆದಿತ್ತು. ನನ್ನ ಮೇಜಿನ ಮೇಲೆ ಎಷ್ಟೋ ಬಗೆಯ ಪುಡಿ, ದ್ರಾವಣ ಇವೆ. ಆದರೆ ಎಣ್ಣೆ ಜಿಡ್ಡು ಬಟ್ಟೆಯ ನೂಲಿನೊಳಕ್ಕೆ ಇಳಿದಿದ್ದರೆ ನಾನು ಕೈ ಹಾಕುವುದು ಒಂದೇ ಡಬ್ಬಿಗೆ. ಎತ್ತಿನ ಪಿತ್ತ ಬೆರೆಸಿ ಮಾಡಿದ ಹಸಿರುಗಂದು ಬಣ್ಣದ ಸೋಪು ಅದು. ವಾಸನೆ ಸಹಿಸಬೇಕು. ಒದ್ದೆ ಮಾಡಿ, ಹಚ್ಚಿ, ಬೆರಳ ತುದಿಯಿಂದ ತೀಡುತ್ತಾ ಹೋದರೆ ಜಿಡ್ಡು ತಾನಾಗಿ ನೂಲು ಬಿಟ್ಟು ಮೇಲೆ ಬರುತ್ತದೆ. ಹೊಟ್ಟೆಯಲ್ಲೂ ಪಿತ್ತ ಇದೇ ಕೆಲಸ ಮಾಡುತ್ತದೆಂದು ರಾತ್ರಿ ಶಾಲೆಯ ಪಾಠದಲ್ಲೂ ಇತ್ತು.

"ಒಳಗೆ ಸೋಪು ಹೋಗುತ್ತೆ, ಜಿಡ್ಡು ತೊಳೆಯುತ್ತೆ. ಇಷ್ಟೇ ತಾನೇ? ಇದನ್ನ ಹೇಳೋಕೆ ಅವರು ಅಷ್ಟುದ್ದ ಕಾಗದ ಮಾಡಿದಾರೆ."

ಅವನು ನಕ್ಕ ಎಂದು ನನಗೂ ಹಗುರವಾಯಿತು. ನಾನು ಎದುರಾಡಲಿಲ್ಲ.

ಆ ದಿನಗಳಲ್ಲೇ ನಮ್ಮ ಅಂಗಡಿಯಲ್ಲಿ ಒಂದು ಕೋಟಿನ ಗಲಾಟೆ ನಡೆಯಿತು. ಒಬ್ಬ ಬ್ಯಾಂಡ್ ಮೇಷ್ಟ್ರು ತಮ್ಮ ಬಿಳಿ ಕೋಟನ್ನು ಆಳಿನ ಕೈಲಿ ಕಳಿಸಿ, ಕಾಲರಿನ ಮೇಲೆ ಚಹಾ ಚೆಲ್ಲಿದೆ ಎಂದು ಹೇಳಿಸಿದ್ದರು. ಚಹಾಕ್ಕೆ ಏನು ಮಾಡಬೇಕೋ ನಾನು ಅದನ್ನೇ ಮಾಡಿದೆ. ಕಲೆ ಹೋಗುವ ಬದಲು ಕಚ್ಚಿ ಕೂತು ಕಪ್ಪಾಯಿತು. ಕೋಟು ತೆಗೆದುಕೊಂಡು ಹೋಗಲು ಮೇಷ್ಟ್ರು ತಾವೇ ಬಂದು ಟೋಪಿ ತೆಗೆದಾಗ ವಿಷಯ ಗೊತ್ತಾಯಿತು. ಅವರ ಕೂದಲು ನಮ್ಮ ಬಾಯ್ಲರಿನ ಮಸಿಗಿಂತ ಕಪ್ಪಗಿತ್ತು.

"ಸ್ವಾಮಿ," ಎಂದ ನನ್ನ ತಮ್ಮ, "ಕತ್ತಿನ ಹಿಂದಿನಿಂದ ಚಹಾ ಕುಡಿಯೋರನ್ನ ನಾನು ಇವತ್ತೇ ನೋಡಿದ್ದು."

ಮೇಷ್ಟ್ರು ರೇಗಿದರು. ಅವನೂ ಬಿಡಲಿಲ್ಲ. "ಕೂದಲಿಗೆ ಬಣ್ಣ ಹಚ್ಚಿದ್ದು ಅಂತ ಒಂದು ಮಾತು ಹೇಳಿದ್ರೆ ನಮ್ಮಕ್ಕ ನಿಮ್ಮ ಕೋಟು ಉಳಿಸ್ತಿದ್ಲು. ಕಲೆ ಯಾವುದು ಅಂತ ಸುಳ್ಳು ಹೇಳಿ, ಆಮೇಲೆ ಬಟ್ಟೆ ಹಾಳಾಯ್ತು ಅಂತ ನಮ್ಮ ಮೇಲೆ ಕೂಗಾಡ್ತೀರಾ?"

ಅವರು ಹೋದ ಮೇಲೂ ಅವನು ಗೊಣಗುತ್ತಲೇ ಇದ್ದ. ಮಗಳು ವ್ಯಾನಿನ ಕೀಲಿ ತಿರುಗಿಸುತ್ತಾ, "ಮಾವ, ಪಿತ್ತ ನೆತ್ತಿಗೇರಿಸ್ಕೋಬೇಡ. ಅದನ್ನ ಲಿವರಿಗೆ ಅಂತ ಕೊಟ್ಟಿರೋದು," ಎಂದಳು.

ಮಾತ್ರೆ ಶುರುವಾಗಿ ಸ್ವಲ್ಪ ದಿನಕ್ಕೇ ಅವನಿಗೆ ತುರಿಕೆ ಹತ್ತಿತು. ಮೊದಲು ಅಂಗೈ, ಆಮೇಲೆ ಬೆನ್ನು. ಇಸ್ತ್ರಿ ಯಂತ್ರದ ಹಬೆ ಮುಖಕ್ಕೆ ಬಡಿದಾಗಲೆಲ್ಲ ಅವನು ಇರುವೆ ಹತ್ತಿದವನಂತೆ ಕುಣಿಯುತ್ತಿದ್ದ. ಹ್ಯಾಂಗರಿನ ಕೊಕ್ಕೆಯಿಂದ ಬೆನ್ನು ಕೆರೆದುಕೊಳ್ಳುವನು. ಗೋಡೆಯ ಮೂಲೆಗೆ ಮೈ ತಿಕ್ಕುವನು.

"ಮಾವ, ಆ ಬ್ರಷ್ ಕೆಳಗಿಡು. ಗಿರಾಕಿ ಕೋಟಿಗೆ ನಿನ್ನ ಚರ್ಮ ಅಂಟಿಸಿ ಕಳಿಸ್ತೀಯ."

"ಇರಲಿ ಬಿಡೇ. ತುರಿಕೆ ಬಂತು ಅಂದ್ರೆ ನನ್ನದು ಅಸಲಿ ಮಾತ್ರೆ. ಕೊಳೆ ಬಿಡ್ತಾ ಇದೆ, ಅದಕ್ಕೇ ತುರಿಸ್ತಿದೆ."

ಅಷ್ಟು ಧೈರ್ಯ ಬಂದದ್ದರಿಂದ ಎದುರುಗಡೆಯ ಅಂಗಡಿಯ ಕರಿದ ಆಲೂಗಡ್ಡೆಯ ಪೊಟ್ಟಣ ಮತ್ತೆ ಇಸ್ತ್ರಿ ಮೇಜಿನ ಕೆಳಗೆ ಕಾಣಿಸಿಕೊಂಡಿತು. ಪಕ್ಕದಲ್ಲಿ ಬಣ್ಣದ ಸಿಹಿ ನೀರಿನ ಬಾಟಲಿ. ನಾನು ಕೇಳಿದರೆ, "ಸೋಪು ಇದೆಯಲ್ಲ ಒಳಗೆ," ಎನ್ನುವನು. ಸಂಜೆಯ ನಡಿಗೆಯ ಮಾತೆತ್ತಿದರೆ, "ದಿನವಿಡೀ ನಿಂತೇ ಇರ್ತೀನಿ, ಕಾಲಿಗೆ ಇನ್ನೇನು ಕೆಲಸ?" ಎನ್ನುವನು.

ಒಗೆಯುವ ಮುಂಚೆ ಜೇಬು ನೋಡುವುದು ನಮ್ಮ ಕೆಲಸದ ಮೊದಲ ಪಾಠ. ಮನೆಯವರ ಬಟ್ಟೆಯಾದರೂ ಬಿಡುವುದಿಲ್ಲ. ಅವನ ಅಂಗಿಯ ಜೇಬಿಗೆ ಕೈ ಹಾಕಿದಾಗ ಮಾತ್ರೆಯ ಹಾಳೆ ಸಿಕ್ಕಿತು. ಪ್ರತಿ ಗುಳಿಯ ಕೆಳಗೂ ದಿನದ ಹೆಸರು ಅಚ್ಚಾಗಿತ್ತು. ಆ ದಿನದವರೆಗಿನ ಗುಳಿಗಳಷ್ಟೇ ಅಲ್ಲ, ಮುಂದಿನ ವಾರದವೂ ಒಡೆದು ಬರಿದಾಗಿದ್ದವು.

ಹಾಳೆಯನ್ನು ಅವನ ಮೇಜಿನ ಮೇಲಿಟ್ಟೆ. ಅವನು ಯಂತ್ರದ ಮುಚ್ಚಳ ಒತ್ತಿ ಹಿಡಿದೇ ಇದ್ದ. ಹಬೆ ಬುಸ್ಸೆಂದಿತು.

"ದಿನಕ್ಕೆ ಎರಡು ನುಂಗ್ತಿದೀಯ."

"ಹಳೇ ಎಣ್ಣೆ ಕಲೆಗೆ ನೀನು ಎಷ್ಟು ಸಲ ಸೋಪು ಹಚ್ತೀಯ?"

ನಾನು ಹಾಳೆಯನ್ನು ಅವನ ಕೈ ಹತ್ತಿರಕ್ಕೆ ಸರಿಸಿದೆ.

"ಹೇಳಕ್ಕ. ಎಷ್ಟು ಸಲ?"

"ಎರಡು ಸಲ."

"ಹಂಗೇ ಇದೂನೂ. ಇದು ಹಳೇ ಕಲೆ. ಡಾಕ್ಟರಮ್ಮನೇ ಹೇಳಿದ್ರಲ್ಲ, ಗಟ್ಟಿಯಾಗಿದೆ ಅಂತ."

ನನ್ನ ಕೆಲಸದ ಮಾತನ್ನೇ ಅವನು ನನ್ನ ಮುಂದಿಟ್ಟಿದ್ದ. ಆದರೆ ಆ ಕೆಲಸದ ಇನ್ನೊಂದು ಮಾತೂ ನನಗೆ ಗೊತ್ತಿತ್ತು. ಪಿತ್ತದ ಸೋಪನ್ನು ಬಹಳ ಹೊತ್ತು ಬಿಟ್ಟರೆ ನಾಜೂಕು ಬಟ್ಟೆಯ ಬಣ್ಣವೂ ಜಿಡ್ಡಿನ ಜೊತೆಗೇ ಹೋಗುವುದನ್ನು ನಾನು ನೋಡಿದ್ದೆ. ಇವನ ಲಿವರ್ ಮೇಜುಬಟ್ಟೆಯೋ ರೇಷ್ಮೆಯೋ ಯಾರಿಗೆ ಗೊತ್ತು?

"ಇವತ್ತಿಂದ ನಿಲ್ಲಿಸು. ಉಳಿದ ಮಾತ್ರೆ ವಾಪಸ್ ತರ್ಬೇಕು ಅಂತ ಕಾಗದದಲ್ಲಿದೆ. ಸಿಸ್ಟರ್ ಎಣಿಸಿ ನೋಡ್ತಾರೆ. ಏನು ಹೇಳ್ತೀಯ?"

"ಬಿಸಿನೀರಿನ ತೊಟ್ಟಿಗೆ ಬಿದ್ದು ಕರಗಿಹೋದ್ವು ಅಂತೀನಿ. ಲಾಂಡ್ರಿಯಲ್ಲಿ ಆಗೋದೇ ಅಲ್ವಾ? ನೀನು ಪಕ್ಕದಲ್ಲಿ ನಿಂತು ಹೂಂ ಅಂದ್ರೆ ಸಾಕು. ನಿಜ ಹೇಳಿದ್ರೆ ಪ್ರಯೋಗದಿಂದ ತೆಗೆದುಹಾಕ್ತಾರೆ. ಆಮೇಲೆ ಯಾವ ಸೋಪೂ ಇಲ್ಲ ನನಗೆ. ಕಲ್ಲಾಗೋದೊಂದೇ."

ಅವನ ದನಿ ಕೊನೆಯಲ್ಲಿ ಒಡೆದದ್ದನ್ನು ನಾನು ಕೇಳಿಸಿಕೊಂಡೆ. ಅಲ್ಲಿಯವರೆಗೂ ಅವನು ನಗುತ್ತಿದ್ದದ್ದು ಧೈರ್ಯದಿಂದಲ್ಲ ಎಂದು ಆಗ ಗೊತ್ತಾಯಿತು.

ನಾನು ಶಾಲೆಗೆ ಹೊರಟಾಗ ಇಡೀ ಬೀದಿ ನಕ್ಕಿತ್ತು. ಈ ವಯಸ್ಸಲ್ಲಿ ಕಲಿತು ಇವಳು ಯಾವ ಕಚೇರಿ ಆಳ್ತಾಳೆ ಎಂದು ನಮ್ಮ ಚಿಕ್ಕಮ್ಮನೇ ಅಂದಿದ್ದಳು. ನಗದೇ ಇದ್ದವನು ಇವನೊಬ್ಬ. ನಾನು ಸ್ಲೇಟು ಹಿಡಿದು ಹೊರಟ ಕೂಡಲೇ ನನ್ನ ಪಾಲಿನ ದಿಂಬಿನ ಚೀಲಗಳನ್ನು ತನ್ನ ಮೇಜಿಗೆ ಎಳೆದುಕೊಳ್ಳುತ್ತಿದ್ದ. ಒಂದು ದಿನವೂ ಅದರ ಮಾತೆತ್ತಿದವನಲ್ಲ. ಅಂಥವನು ಹೂಂ ಎನ್ನು ಎಂದು ಕೇಳುತ್ತಿದ್ದಾನೆ. ಆ ಹೂಂ ನನ್ನ ಗಂಟಲಿನವರೆಗೂ ಬಂದು ನಿಂತಿತ್ತು.

ಆಸ್ಪತ್ರೆಗೆ ಹೋಗುವ ದಿನ ಅವನು ಒಳ್ಳೆಯ ಅಂಗಿ ಹಾಕಿಕೊಂಡ. ಮೊದಲು ರಕ್ತ ಕೊಟ್ಟು, ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂತೆವು. ಆಮೇಲೆ ಸಿಸ್ಟರ್ ತಟ್ಟೆಯೊಂದನ್ನು ಮುಂದಿಟ್ಟು ಉಳಿದ ಮಾತ್ರೆ ಕೇಳಿದಾಗ ತೊಟ್ಟಿಯ ಕಥೆ ಶುರುಮಾಡಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ, ಮಾತ್ರೆ ಬಿದ್ದ ತೊಟ್ಟಿಯಲ್ಲಿ ಯಾರ ಲಂಗ ನೆನೆಯುತ್ತಿತ್ತು ಎಂಬುದೂ ಅದರಲ್ಲಿತ್ತು. ಸಿಸ್ಟರ್ ನಕ್ಕುಬಿಟ್ಟರು.

"ಹೌದಾ ಅಮ್ಮ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ ರಕ್ತಪರೀಕ್ಷೆಯ ಹಾಳೆ ಹಿಡಿದು ಒಳಗೆ ಬಂದರು. ಅವರ ಹಣೆ ಗಂಟಿಕ್ಕಿತ್ತು.

"ಲಿವರ್ ಕೋಪಿಸ್ಕೊಂಡಿದೆ. ಕೆಟ್ಟ ಕೊಲೆಸ್ಟ್ರಾಲೂ ಏರಿದೆ. ದಿನಕ್ಕೆ ಒಂದೇ ಮಾತ್ರೆಗೆ ಹೀಗಾಗಿದೆ ಅಂದ್ರೆ ಇದು ನಿಮ್ಮ ಮೈಗೆ ಒಗ್ಗಲ್ಲ ಅಂತಲೇ ಅರ್ಥ. ಶಾಶ್ವತವಾಗಿ ನಿಲ್ಲಿಸ್ಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ."

ತಮ್ಮನ ಮುಖದ ಬಣ್ಣ ಇಳಿಯಿತು. ಆದರೂ ಬಾಯಿ ಬಿಡಲಿಲ್ಲ. ತನ್ನ ಸುಳ್ಳಿಗೆ ತಾನೇ ಸಿಕ್ಕಿಬಿದ್ದು, ಅದರೊಳಗೇ ನಿಂತಿದ್ದ. ನನಗೆ ಆ ಬಿಳಿ ಕೋಟು ನೆನಪಾಯಿತು. ಚಹಾ ಎಂದು ನಂಬಿ ನಾನೇ ಕೈಯಾರೆ ಕಚ್ಚಿಸಿದ ಕಲೆ.

"ಡಾಕ್ಟ್ರೇ," ಎಂದೆ. "ಅದು ಚಹಾದ ಕಲೆ ಅಲ್ಲ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಅವನಿಗೆ ಆಯಿತು.

"ಅಕ್ಕ, ಸುಮ್ನಿರು."

"ಸುಮ್ನಿರಲ್ಲ. ಡಾಕ್ಟ್ರೇ, ಮಾತ್ರೆ ತೊಟ್ಟಿಗೆ ಬಿದ್ದಿಲ್ಲ, ಇವನ ಹೊಟ್ಟೆಗೆ ಬಿದ್ದಿದೆ. ದಿನಕ್ಕೆ ಎರಡು. ಜೊತೆಗೆ ಕರಿದದ್ದು, ಸಿಹಿ ನೀರು, ಎಲ್ಲ. ನಡಿಗೆ ಒಂದಿಲ್ಲ. ಈಗ ಹೇಳಿ, ಔಷಧಿ ಒಗ್ಗಲ್ಲವೋ, ಇವನ ಬುದ್ಧಿ ಒಗ್ಗಲ್ಲವೋ."

ತಮ್ಮ ಎದ್ದು ನಿಂತ. "ನೀನು ಓದ್ಲಿ ಅಂತ ನಿನ್ನ ಪಾಲಿನ ಬಟ್ಟೇನೂ ನಾನೇ ಇಸ್ತ್ರಿ ಮಾಡಿದೆ. ಈಗ ಓದ್ಕೊಂಡು ಬಂದು ನನ್ನ ಮೇಲೇ ಚಾಡಿ ಹೇಳ್ತೀಯಾ?"

"ಹೌದು ಕಣೋ. ಅದಕ್ಕೇ ಓದಿದ್ದು."

ನಾನು ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಎದುರೇ ಕೂತರು. ಎರಡು ಯಾಕೆ ನುಂಗಿದಿರಿ ಎಂದು ಕೇಳಿದರು. ಅವನು ತಲೆ ತಗ್ಗಿಸಿ ಸೋಪಿನ ಕಥೆ ಹೇಳಿದ.

"ಅರ್ಧ ಸರಿ ಹೇಳಿದ್ರಿ," ಎಂದರು ಅವರು. "ಕರುಳಲ್ಲಿ ಪಿತ್ತ ಸೋಪೇ. ತಿಂದ ಜಿಡ್ಡನ್ನ ಒಡೆಯುತ್ತೆ. ಆದ್ರೆ ಲಿವರೊಳಗೆ ಅದು ತೊಳೆಯೋಕೆ ಹೋಗಲ್ಲ. ಕರುಳಲ್ಲಿ ಕೆಲಸ ಮುಗಿಸಿದ ಪಿತ್ತಾಮ್ಲ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಲಿವರಿಗೇ ಬರುತ್ತೆ. ಬರುವಾಗ ಒಂದು ಸುದ್ದಿ ತರುತ್ತೆ: ಊಟ ತಲುಪಿದೆ, ಇನ್ನು ಕೊಬ್ಬು ಮಾಡೋದು ಸಾಕು. ಆ ಸುದ್ದಿ ಕೇಳಿಸ್ಕೊಳ್ಳೋಕೆ ಲಿವರಲ್ಲಿ ಕಿವಿ ಇದೆ ಅಂತಿಟ್ಕೊಳ್ಳಿ. ನಿಮ್ಮಂಥವರಲ್ಲಿ ಆ ಕಿವಿ ಮಂದ ಆಗಿರುತ್ತೆ. ಈ ಮಾತ್ರೆ ಅದೇ ಸುದ್ದೀನ ಸ್ವಲ್ಪ ಜೋರಾಗಿ ಹೇಳುತ್ತೆ, ಅಷ್ಟೇ. ಎರಡು ನುಂಗಿದ್ರೆ ಕಿವಿ ಹತ್ತಿರ ಕಿರುಚಿದ ಹಾಗೆ. ಕೇಳಿಸಲ್ಲ, ಪೆಟ್ಟಾಗುತ್ತೆ. ಅದರ ಮೇಲೆ ಸಿಹಿ ನೀರು ಬೇರೆ ಸುರೀತಿದ್ರೆ, ಸಾಕು ಅಂತ ಯಾರು ಹೇಳಿದ್ರೂ ಪಾಪ ಆ ಲಿವರ್ ಏನು ಮಾಡುತ್ತೆ?"

"ತುರಿಕೆ ಬಂತಲ್ಲ? ಅಸಲಿ ಮಾತ್ರೆ ಅಂತ..."

"ತುರಿಕೆ ಖಾಲಿ ಮಾತ್ರೆ ನುಂಗಿದವರಿಗೂ ಬರುತ್ತೆ. ಅದನ್ನೇ ಸಾಕ್ಷಿ ಅಂತ ಹಿಡ್ಕೋಬೇಡಿ."

ಮಾತ್ರೆ ಸದ್ಯಕ್ಕೆ ನಿಂತಿತು. ರಕ್ತ ಹದಕ್ಕೆ ಬಂದ ಮೇಲೆ ಪ್ರಯೋಗದ ಮೇಲಿನವರನ್ನು ಕೇಳಿ ನೋಡುತ್ತೇನೆ, ಮಾತು ಕೊಡಲಾರೆ ಎಂದರು. "ಒಂದು ಮಾತ್ರೆಗೇ ಹೀಗಾಗಿದ್ರೆ ನಾನು ಕೇಳೋಕೂ ಹೋಗ್ತಿರಲಿಲ್ಲ," ಎಂದು ಅವನ ಕಡೆ ನೋಡಿ ಹೇಳಿದರು. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಅವನಿಗೂ ನನಗೂ ಮಾತಿಲ್ಲ. ಇಸ್ತ್ರಿ ಮೇಜಿಗೂ ನನ್ನ ಮೇಜಿಗೂ ನಡುವೆ ನಾಲ್ಕು ಮಾರು. ಅಷ್ಟು ದೂರಕ್ಕೂ ಮಗಳೇ ಬೇಕು.

"ನಿಮ್ಮಮ್ಮನಿಗೆ ಹೇಳು, ಗಂಜಿ ಮುಗಿದಿದೆ."

"ನಾನೇನು ಅಂಚೆ ಪೆಟ್ಟಿಗೆನಾ ಮಾವ? ಅಮ್ಮ ಇಲ್ಲೇ ಇದಾಳೆ, ಕಿವೀನೂ ಇದೆ."

"ನಿಮ್ಮ ಮಾವನಿಗೆ ಹೇಳು, ಗಂಜಿ ಅವನ ಕಾಲಿನ ಹತ್ತಿರವೇ ಇದೆ," ಎಂದೆ ನಾನು. "ಆಲೂಗಡ್ಡೆ ಪೊಟ್ಟಣದ ಹಿಂದೆ."

ಮಾತು ಬಿಟ್ಟರೂ ನಾನು ಹಟ ಬಿಡಲಿಲ್ಲ. ಎದುರುಗಡೆಯ ಅಂಗಡಿಯವನಿಗೆ ಹೇಳಿಬಂದೆ: ನನ್ನ ತಮ್ಮನಿಗೆ ನೀನು ಪೊಟ್ಟಣ ಕೊಟ್ಟರೆ, ನಿನ್ನ ಏಪ್ರನ್ನಿನ ಎಣ್ಣೆ ಕಲೆ ನೀನೇ ತೆಗೆದುಕೋ. ಅವನು ನನ್ನನ್ನು ಬಲ್ಲವನು, ಕೊಡುವುದು ನಿಲ್ಲಿಸಿದ. ಮೇಜಿನ ಕೆಳಗಿನ ಸಿಹಿ ನೀರಿನ ಬಾಟಲಿಯಲ್ಲಿ ಬರೀ ನೀರು ತುಂಬಿಟ್ಟೆ. ಒಂದು ಗುಟುಕು ಕುಡಿದು ಉಗುಳಿದ. ಮರುದಿನವೂ ತುಂಬಿಟ್ಟೆ. ಊಟಕ್ಕೆ ಬೇಯಿಸಿದ ತರಕಾರಿ, ಕಾಳು. ತಟ್ಟೆ ತಳ್ಳಿದರೆ ನಾನು ಬೇಸರಪಟ್ಟುಕೊಳ್ಳುತ್ತಿರಲಿಲ್ಲ, ಮುಚ್ಚಿಟ್ಟು ಸುಮ್ಮನೆ ಕಾಯುತ್ತಿದ್ದೆ. ಹಸಿವಿಗೆ ಜಗಳ ನೆನಪಿರುವುದಿಲ್ಲ.

ಆ ನಡುವೆ ವ್ಯಾನು ಕೆಟ್ಟಿತು. ಗ್ಯಾರೇಜಿನವನು ನಾಳೆ ನಾಳೆ ಎನ್ನುತ್ತಾ ಕೂತ. ಲಾಡ್ಜಿನವರು ಒಂದೊಂದು ಸಲ ತಮ್ಮ ಆಳನ್ನು ಕಳಿಸಿ ಹಾಸು ಒಯ್ದರು, ಖಾಲಿ ಚೀಲ ತರುವುದು ಮಾತ್ರ ಅವರಿಗೆ ನೆನಪಾಗಲಿಲ್ಲ. ಚೀಲ ಬರಲಿಲ್ಲವಾದ್ದರಿಂದ ಅಲ್ಲಿ ಇನ್ನೂ ಬೇಕು ಎಂದು ತಮ್ಮ ಹಬೆ ಆರಿಸದೆ ಇಸ್ತ್ರಿ ಮಾಡುತ್ತಲೇ ಹೋದ. ಸಿಟ್ಟಿನಲ್ಲಿ ಅವನ ಕೈ ಇನ್ನೂ ಚುರುಕು. ಕಪಾಟು ತುಂಬಿತು. ಗಿರಾಕಿ ಕೂರುವ ಬೆಂಚು ತುಂಬಿತು. ಮನೆಗೆ ಹತ್ತುವ ಮೆಟ್ಟಿಲ ಮೇಲೆ ಮಡಚಿದ ಹಾಸುಗಳು ಏರಿ ಕೂತವು. ನನ್ನ ಕಲೆ ಮೇಜಿನ ಮೂಲೆಯನ್ನೂ ಬಿಡಲಿಲ್ಲ. ನಾನು ನೋಡಿದೆ, ಬಾಯಿ ಬಿಡಲಿಲ್ಲ. ಮಾತಿರಲಿಲ್ಲವಲ್ಲ.

ವ್ಯಾನು ಸರಿಹೋದ ದಿನ ಲಾಡ್ಜಿಗೆ ಹೋಗಿಬಂದ ಮಗಳು ಬಾಗಿಲು ತಳ್ಳಿದಳು. ಅದು ಅರ್ಧ ಮಾತ್ರ ತೆರೆಯಿತು. ಹಿಂದೆ ದಿಂಬಿನ ಚೀಲಗಳ ಅಟ್ಟಿ. ಸಂದಿಯಲ್ಲಿ ಅಡ್ಡಡ್ಡ ತೂರಿ ಬಂದು, ಹೆಗಲಿನ ಖಾಲಿ ನೀಲಿ ಚೀಲಗಳನ್ನು ನೆಲಕ್ಕೆ ಎಸೆದಳು.

"ಲಾಡ್ಜಲ್ಲಿ ಕಪಾಟು ತುಂಬಿ ಎಷ್ಟೋ ದಿನ ಆಯ್ತಂತೆ ಮಾವ. ಚೀಲ ಅಲ್ಲೇ ಬಿದ್ದಿದ್ವು. ಇಲ್ಲಿ ನೋಡಿದ್ರೆ ದಿನಾ ರಾಶಿ ಏರ್ತಾನೇ ಇದೆ. ಕಾಲಿಡೋಕೆ ಜಾಗ ಇಲ್ಲ. ನಮ್ಮ ಅಂಗಡಿಗೇ ಕೊಬ್ಬು ಬಂದಿದೆ!"

ಅವಳು ತಮಾಷೆಗೆ ಅಂದದ್ದು. ನನ್ನ ತಮ್ಮ ಮಾತ್ರ ನಗಲಿಲ್ಲ. ಇಸ್ತ್ರಿಯ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ನೆಲದ ಮೇಲಿನ ಖಾಲಿ ಚೀಲಗಳನ್ನು ನೋಡಿದ, ಬೆಂಚು ನೋಡಿದ, ಮೆಟ್ಟಿಲು ನೋಡಿದ. ನಿಧಾನವಾಗಿ ತಿರುಪು ತಿರುಗಿಸಿದ. ಹಬೆ ಸುಯ್ಯೆಂದು ಅಡಗಿತು.

"ಅಕ್ಕ," ಎಂದ. ಎಷ್ಟೋ ದಿನದ ಮೇಲೆ ನೇರ ನನಗೇ. "ಡಾಕ್ಟರಮ್ಮ ಹೇಳಿದ್ದು ಇದೇನಾ? ವಾಪಸ್ ಬರೋದು, ಸಾಕು ಅನ್ನೋದು?"

"ಇದೇ."

"ಚೀಲ ಬರ್ಲಿಲ್ಲ ಅಂತ ನಾನು ಮಾಡ್ತಾನೇ ಹೋದೆ."

"ಹೂಂ."

"ಥೂ. ಎರಡು ಮಾತ್ರೆ ನುಂಗೋದು ಅಂದ್ರೆ ಖಾಲಿ ಚೀಲಾನ ನನ್ನ ಮುಖಕ್ಕೆ ಎಸೆದ ಹಾಗೆ. ಕೆಲಸ ನಿಲ್ಲಲ್ಲ, ಮುಖ ಒಡೆಯುತ್ತೆ." ಅವನು ತಲೆ ಕೊಡವಿದ. "ನಿನಗೆ ಮೊದಲೇ ಹೊಳೆದಿತ್ತು ಅಲ್ವಾ? ಯಾಕೆ ಹೇಳ್ಲಿಲ್ಲ?"

"ನಿನ್ನ ಸೋದರ ಸೊಸೆ ಅಂಚೆ ಒಯ್ಯಲ್ಲ ಅಂದಳಲ್ಲ."

ಮಗಳು ಕಿಸಕ್ಕೆಂದಳು. ಆಮೇಲೆ ಮೂವರೂ ಸೇರಿ ಆ ರಾಶಿಯನ್ನು ಹಿಂದಿನ ಕೋಣೆಗೆ ಸಾಗಿಸಿದೆವು. ಒಂದು ಚೀಲವನ್ನು ಮಾತ್ರ ಅವನು ಹೆಗಲಿಗೇರಿಸಿಕೊಂಡು, "ಹತ್ತಿರದ ಲಾಡ್ಜಿಗೆ ಇನ್ನು ಮುಂದೆ ನಾನೇ ನಡೆದು ಕೊಟ್ಟು ಬರ್ತೀನಿ. ಚೀಲಾನೂ ನಾನೇ ತರ್ತೀನಿ," ಎಂದ.

ಮೊದಮೊದಲು ಬೀದಿಯ ತಿರುವಿನಲ್ಲೇ ಏದುಸಿರು ಬಿಟ್ಟು ನಿಲ್ಲುತ್ತಿದ್ದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ನಿಂತವನು ವಾಪಸ್ ಬರುತ್ತಿರಲಿಲ್ಲ, ಮುಂದಕ್ಕೇ ಹೋಗುತ್ತಿದ್ದ. ಪ್ಯಾಂಟು ಸಡಿಲವಾಯಿತು, ಬೆಲ್ಟಿಗೆ ಹೊಸ ತೂತು ಕೊರೆಯಲು ನನ್ನ ದಬ್ಬಳ ಕೇಳಿದ. ನಾನು ಕೊಟ್ಟೆ, ಏನೂ ಹೇಳಲಿಲ್ಲ. ಹೊಗಳಿದರೆ ಅವನು ಆ ದಿನವೇ ಪೊಟ್ಟಣ ಹುಡುಕಿಕೊಂಡು ಹೋಗುವ ಆಸಾಮಿ.

ರಕ್ತ ಹದಕ್ಕೆ ಬಂದಿತು. ಮೇಲಿನವರು ಬಹಳ ದಿನ ತೆಗೆದುಕೊಂಡರು, ಕೊನೆಗೆ ಒಪ್ಪಿದರು. ಡಾಕ್ಟರಮ್ಮ ಮಾತ್ರೆಯ ಹೊಸ ಹಾಳೆ ಕೊಡುವಾಗ ಅವನ ಕಣ್ಣಲ್ಲಿ ಕಣ್ಣಿಟ್ಟು, "ಒಂದು," ಎಂದರು. ತುರಿಕೆ ಮತ್ತೆ ಬಂತು. ಅಸಲಿಯ ಸಾಕ್ಷಿ ಎಂಬ ಸಮಾಧಾನವೂ ಈಗ ಅವನಿಗಿರಲಿಲ್ಲ. ಒದ್ದೆ ಬಟ್ಟೆ ಬೆನ್ನಿಗೆ ಹಾಕಿಕೊಂಡು, ಹಲ್ಲು ಕಚ್ಚಿ ಇಸ್ತ್ರಿ ಒತ್ತುತ್ತಿದ್ದ. ಸಿಸ್ಟರಿಗೆ ತಾನೇ ಫೋನು ಮಾಡಿ ತುರಿಕೆ ಹೇಳಿಕೊಂಡ. ಅವರು ಒಂದು ಪುಡಿ ಕೊಟ್ಟರು. ನೀರಲ್ಲಿ ಕದಡಿದರೂ ಕರಗದ, ಮರಳಿನಂಥ ಪುಡಿ.

"ಕುಡಿದ್ರೆ ಬಾಯ್ಲರ್ ತಳ ನೆಕ್ಕಿದ ಹಾಗಿರುತ್ತೆ," ಎನ್ನುತ್ತಿದ್ದ. ಮಾತ್ರೆಗೂ ಪುಡಿಗೂ ನಡುವೆ ಹೊತ್ತು ಬಿಡಬೇಕೆಂದು ಹೇಳಿದ್ದರು. ಅದನ್ನೂ ತಪ್ಪಿಸಲಿಲ್ಲ.

ಮತ್ತೆ ಆ ಯಂತ್ರದ ಕೆಳಗೆ ಮಲಗುವ ದಿನ ಬಂತು. ಅಂಗಿಯ ಗುಂಡಿಗಳನ್ನು ಅವನು ಸರಿಯಾಗಿಯೇ ಬಿಚ್ಚಿದ. ಟಕ್, ಟಕ್. ನಾನು ಮೂಲೆಯ ಕುರ್ಚಿಯಲ್ಲಿ ಕೂತು ಡಾಕ್ಟರಮ್ಮನ ಹಣೆಯನ್ನೇ ನೋಡುತ್ತಿದ್ದೆ.

"ಜಿಡ್ಡು ಇಳಿದಿದೆ," ಎಂದರು ಅವರು. "ಗಟ್ಟಿತನ ಹೋದ ಸಲ ಎಷ್ಟಿತ್ತೋ ಅಷ್ಟೇ ಇದೆ."

"ಅಷ್ಟೇ ಇದೆಯಾ?" ಅವನ ದನಿ ಬಿದ್ದುಹೋಯಿತು. "ಇಷ್ಟೆಲ್ಲ ಮಾಡಿ, ಮೈಯೆಲ್ಲ ಕೆರ್ಕೊಂಡು, ಹೋಗೇ ಇಲ್ವಾ?"

"ಹೋಗಿಲ್ಲ ಕಣೋ," ಎಂದೆ ನಾನು. "ಆದ್ರೆ ಹರಡಿಲ್ಲ."

ಅವನು ತಿರುಗಿ ನೋಡಿದ.

"ಕಲೆ ಬಂದಾಗ ನಾನು ಮೊದಲು ಏನು ಮಾಡ್ತೀನಿ? ಮಧ್ಯಕ್ಕೆ ಕೈ ಹಾಕ್ತೀನಾ? ಅಂಚು ಕಟ್ತೀನಿ. ಹರಡೋದು ನಿಂತ ಮೇಲೆ ತಾನೇ ಅಂಚಿಂದ ಒಳಕ್ಕೆ ಹೋಗೋದು?"

ಡಾಕ್ಟರಮ್ಮ ಹೌದೆಂದು ತಲೆಯಾಡಿಸಿದರು. ಸುಮ್ಮನೆ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಏರಿರುತ್ತಿತ್ತು ಎಂದರು.

"ನನ್ನದು ಖಾಲಿ ಮಾತ್ರೆ ಆಗಿದ್ರೆ?" ಎಂದು ಕೇಳಿದ ಅವನು, ಅವರನ್ನಲ್ಲ, ನನ್ನನ್ನು.

"ಆಗಿದ್ರೆ ನಿನ್ನ ಕಾಲು ಮಾಡಿದ ಕೆಲಸ. ಅಸಲಿ ಆಗಿದ್ರೆ ಎರಡೂ ಸೇರಿ ಮಾಡಿದ್ದು. ಯಾವುದಾದ್ರೂ ನಿಲ್ಲಿಸೋಕಾಗುತ್ತಾ ಹೇಳು?"

ಅವನು ಎದ್ದು ಕೂತು ಗುಂಡಿ ಹಾಕಿಕೊಂಡ. ಮೇಲಿನಿಂದ ಕೆಳಗೆ, ಒಂದೂ ತಪ್ಪಲಿಲ್ಲ. ಸಿಸ್ಟರ್ ಪ್ರಯೋಗದ ಮುಂದಿನ ಹಂತದ ಒಪ್ಪಿಗೆಯ ಕಾಗದ ತಂದಿಟ್ಟರು. ಹೋದ ಸಲದಷ್ಟೇ ಉದ್ದ. ಪೆನ್ನನ್ನೂ ಮುಂದೆ ಚಾಚಿದರು. ಅವನು ಪೆನ್ನು ತೆಗೆದುಕೊಳ್ಳಲಿಲ್ಲ. ಕಾಗದವನ್ನು ನನ್ನ ತೊಡೆಯ ಮೇಲಿಟ್ಟು, ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತ.

"ಮೊದಲಿಂದ ಓದು ಅಕ್ಕ," ಎಂದ. "ಈ ಸಲ ನಿದ್ದೆ ಮಾಡಲ್ಲ."

ನಾನು ಮೊದಲ ಸಾಲಿನ ಕೆಳಗೆ ಬೆರಳಿಟ್ಟೆ.